ಮಾತ್ರೆ ಶುರುವಾದ ಮೊದಲ ಎರಡು ವಾರ

ಸೆಪ್ಟೆಂಬರ್‌ನಲ್ಲಿ ಓದಲೆಂದು ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ನೀವು, ಖಿನ್ನತೆಗೆಂದು ಜಿಪಿ (ಇಲ್ಲಿನ ಕುಟುಂಬ ವೈದ್ಯರು) ಬರೆದುಕೊಟ್ಟ 50 ಮಿಲಿಗ್ರಾಂ ಸರ್ಟ್ರಲಿನ್ ಮಾತ್ರೆಯನ್ನು ಆರು ದಿನಗಳಿಂದ ತೆಗೆದುಕೊಳ್ಳುತ್ತಿದ್ದೀರಿ. ಹೊಟ್ಟೆ ತೊಳಸುತ್ತದೆ, ನಿದ್ದೆ ಬರುತ್ತಿಲ್ಲ, ಕಳವಳ ಮೊದಲಿಗಿಂತ ಹೆಚ್ಚಾಗಿದೆ, ಇದನ್ನು ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನಾಳೆ ಬೆಳಿಗ್ಗೆಯೇ ಜಿಪಿಗೆ ಫೋನ್ ಮಾಡಿ, ಅಥವಾ ಮಾತ್ರೆ ಕೊಟ್ಟ ಔಷಧದಂಗಡಿಯ ಫಾರ್ಮಸಿಸ್ಟ್ ಹತ್ತಿರ ಮಾತನಾಡಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಮುಂಗಡ ಸಮಯವೂ ಬೇಕಿಲ್ಲ.

2013ರ ನವೆಂಬರ್‌ನಲ್ಲಿ, ಇದೇ ಊರಿನಲ್ಲಿ, ನಾನೂ ಇದೇ ಮಾತ್ರೆಯನ್ನು ಶುರುಮಾಡಿದ್ದೆ. ಈ ಔಷಧದ ಸ್ವಭಾವವೇ ಹಾಗೆ: ಮನಸ್ಸಿಗೆ ಅದರಿಂದ ಆಗಬೇಕಾದ ಉಪಕಾರ ಪೂರ್ಣವಾಗಿ ಕಾಣಿಸಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಆದರೆ ಉಪದ್ರವ ಮಾತ್ರ ಮೊದಲ ದಿನವೇ ಬಂದು ಕೂರುತ್ತದೆ, ಮತ್ತು ಬಹುತೇಕ ಜನರಲ್ಲಿ ಒಂದೆರಡು ವಾರದೊಳಗೆ ತಗ್ಗುತ್ತದೆ. ಈ ಮಾತ್ರೆ ಪ್ರಭಾವ ಬೀರುವ ಸೆರೊಟೊನಿನ್ ಎಂಬ ರಾಸಾಯನಿಕ ಮಿದುಳಿನಲ್ಲಿರುವಂತೆ ಕರುಳಿನಲ್ಲೂ ಧಾರಾಳವಾಗಿರುವುದರಿಂದ ಹೊಟ್ಟೆ ಮೊದಲು ದೂರು ಕೊಡುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಫಿಲ್ಟರ್ ಕಾಫಿ ಕುಡಿದು ಅದರ ಮೇಲೆ ಮಾತ್ರೆ ನುಂಗುವ ಅಭ್ಯಾಸ ನನಗಿತ್ತು. ಬಸ್ಸಿನಲ್ಲಿ ಕುಳಿತೊಡನೆ ಬಾಯಲ್ಲಿ ನೀರೂರಿ, ವಾಂತಿ ಬಂದೇಬಿಡುತ್ತದೆ ಎನ್ನಿಸಿ, ಮೂರು ದಿನ ಅರ್ಧ ದಾರಿಯಲ್ಲೇ ಇಳಿದಿದ್ದೇನೆ. ತಿಂಡಿ ತಿಂದ ಮೇಲೆ ಮಾತ್ರೆ ತೆಗೆದುಕೊಂಡು, ಕಾಫಿಯನ್ನು ಎರಡು ವಾರ ಬಿಟ್ಟೆ. ರಾಗಿ ಗಂಜಿಗೆ ಉಪ್ಪು, ಸ್ವಲ್ಪ ಮಜ್ಜಿಗೆ ಬೆರೆಸಿ ಕುಡಿದದ್ದು ನನಗೆ ಹಿಡಿಸಿತು. ಎಣ್ಣೆ, ಖಾರ ಕಡಿಮೆಯಿರುವ ಯಾವ ಊಟವಾದರೂ ಸರಿ. ಭೇದಿಯಾದರೆ ನೀರು ಚೆನ್ನಾಗಿ ಕುಡಿಯಿರಿ. ನಿದ್ದೆ ಕೆಡುತ್ತಿರುವುದರಿಂದ ಮಾತ್ರೆಯನ್ನು ರಾತ್ರಿಯ ಬದಲು ಬೆಳಿಗ್ಗೆಗೆ ಬದಲಿಸಬಹುದೇ ಎಂದೂ ಕೇಳಿ. ನಿದ್ದೆ ಬಾರದಿದ್ದರೂ ಆಕಳಿಕೆ ಮೇಲಿಂದ ಮೇಲೆ ಬರಬಹುದು, ಬೆವರಬಹುದು, ತಲೆನೋಯಬಹುದು. ಲೈಂಗಿಕ ಆಸಕ್ತಿ ತಗ್ಗುವುದೂ ಉಂಟು. ಅದನ್ನೂ ಡಾಕ್ಟರಿಗೆ ಹೇಳಲು ಸಂಕೋಚಪಡಬೇಡಿ.

ಊರಿನಿಂದ ಅಮ್ಮ "ಆ ಮಾತ್ರೆ ಉಷ್ಣ, ಬಿಟ್ಟುಬಿಡು" ಎನ್ನುತ್ತಾರೆ, ಅಣ್ಣ ಯಾವುದೋ ಗಿಡಮೂಲಿಕೆಯ ಡಬ್ಬಿ ಕಳಿಸುತ್ತೇನೆ ಎನ್ನುತ್ತಾರೆ ಎಂದು ಬರೆದಿದ್ದೀರಿ. ಅವರ ಪ್ರೀತಿ ದೊಡ್ಡದು, ಆದರೆ ಆ ಡಬ್ಬಿಯನ್ನು ಫಾರ್ಮಸಿಸ್ಟ್‌ಗೆ ತೋರಿಸದೆ ತೆರೆಯಬೇಡಿ. ಖಿನ್ನತೆಗೆಂದೇ ಇಲ್ಲಿನ ಅಂಗಡಿಗಳಲ್ಲಿ ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಸರ್ಟ್ರಲಿನ್ ಜೊತೆ ತೆಗೆದುಕೊಳ್ಳಲೇಬಾರದು. ತಲೆನೋವಿಗೆ ಐಬುಪ್ರೊಫೆನ್ ಬದಲು ಪ್ಯಾರಾಸಿಟಮಾಲ್ ಆರಿಸಿಕೊಳ್ಳಿ, ಏಕೆಂದರೆ ಮೊದಲನೆಯದು ಈ ಮಾತ್ರೆಯೊಡನೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಮದ್ಯವನ್ನು ಸದ್ಯಕ್ಕೆ ದೂರವಿಡಿ.

ನೀವಾಗಿಯೇ ನಿಲ್ಲಿಸಬೇಡಿ ಎಂದದ್ದಕ್ಕೆ ನನ್ನದೇ ಕಾರಣವಿದೆ. ಐದು ತಿಂಗಳಾದ ಮೇಲೆ ಗುಣವಾಯಿತೆಂದು ತಿಳಿದು, ಹಾಸನದಲ್ಲಿ ತಮ್ಮನ ಮದುವೆಗೆ ಹೋಗುವಾಗ ಮಾತ್ರೆಯ ಪೊಟ್ಟಣವನ್ನು ಇಲ್ಲೇ ಬಿಟ್ಟುಹೋದೆ. ಧಾರೆಯ ದಿನ ಆರತಿ ತಟ್ಟೆ ಹಿಡಿದು ನಿಂತಿದ್ದಾಗ, ತಲೆ ತಿರುಗಿಸಿದಾಗಲೆಲ್ಲ ಒಳಗೆ ಕರೆಂಟು ಹೊಡೆದಂತಾಗಿ, ತಟ್ಟೆಯನ್ನು ಅತ್ತಿಗೆಯ ಕೈಗೆ ಕೊಟ್ಟು ಕೂತುಬಿಟ್ಟೆ. ಇದನ್ನು ಬಿಡುವುದಾದರೂ ಡಾಕ್ಟರ ಸಲಹೆಯಂತೆ ನಿಧಾನವಾಗಿ ಪ್ರಮಾಣ ಇಳಿಸುತ್ತಾ ಬಿಡಬೇಕು.

ಇನ್ನು ಕಾಯಬಾರದ ಸಂಗತಿಗಳು. ನಿಮಗಿನ್ನೂ 25 ತುಂಬಿಲ್ಲ; ಈ ವಯಸ್ಸಿನವರಲ್ಲಿ ಮೊದಲ ವಾರಗಳಲ್ಲಿ ಸಾಯಬೇಕೆಂಬ ಯೋಚನೆ ಹೆಚ್ಚಬಹುದಾದ್ದರಿಂದ, ಮಾತ್ರೆ ಶುರುವಾದ ಒಂದು ವಾರಕ್ಕೆ ಡಾಕ್ಟರು ನಿಮ್ಮನ್ನು ಮತ್ತೆ ನೋಡಬೇಕೆಂಬುದು ಇಲ್ಲಿನ ವೈದ್ಯಕೀಯ ಮಾರ್ಗಸೂಚಿ. ಅವರು ಕರೆಯದಿದ್ದರೆ ನೀವೇ ಕೇಳಿ ಪಡೆಯಿರಿ. ಅಂಥ ಯೋಚನೆ ಬಂದರೆ, ಅಥವಾ ಒಂದೆಡೆ ಕೂರಲಾರದಷ್ಟು ಚಡಪಡಿಕೆಯಾದರೆ, ಹಗಲಾಗಲಿ ರಾತ್ರಿಯಾಗಲಿ ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಕರೆಮಾಡಿ 2 ಒತ್ತಿ. ಯಾರೊಡನಾದರೂ ಬರಿದೆ ಮಾತನಾಡಬೇಕೆನಿಸಿದರೆ ಸಮಾರಿಟನ್ಸ್‌ನ 116 123 ಸಹಾಯವಾಣಿ ಉಚಿತ. ಜೀವಕ್ಕೆ ಅಪಾಯವೆನಿಸಿದರೆ, ಇಲ್ಲವೆ ಜೋರು ಜ್ವರದೊಡನೆ ಮೈ ಬಿಗಿದು ನಡುಗಿ ಮಾತು ತೊದಲಿ ಗೊಂದಲವಾದರೆ, ತುರ್ತು ಸಂಖ್ಯೆ 999ಕ್ಕೆ ಕರೆಮಾಡಿ. ಒಬ್ಬರೇ ಇರಬೇಡಿ, ಪಕ್ಕದ ಕೋಣೆಯ ಗೆಳತಿಗೆ ವಿಷಯ ತಿಳಿದಿರಲಿ.

ಡಾಕ್ಟರ ಬಳಿಗೆ ಹೋಗುವಾಗ ಒಂದು ಹಾಳೆಯಲ್ಲಿ ದಿನಕ್ಕೊಂದು ಸಾಲು ಬರೆದುಕೊಳ್ಳಿ: ಮಾತ್ರೆ ಎಷ್ಟು ಗಂಟೆಗೆ, ಹೊಟ್ಟೆ ತೊಳಸಿದ್ದು ಎಷ್ಟು ಹೊತ್ತು, ನಿದ್ದೆ ಎಷ್ಟು ಗಂಟೆ. ಇಂಗ್ಲಿಷಿನಲ್ಲಿ ಹೇಳಲು ಕಷ್ಟವಾದರೆ ಕನ್ನಡ ದುಭಾಷಿ ಬೇಕೆಂದು ಮುಂಚೆಯೇ ಕೇಳಿ. ಅದಕ್ಕೆ ನೀವು ಹಣ ಕೊಡಬೇಕಾಗಿಲ್ಲ. ನಮ್ಮ "ಸಂಕಟ" ಎಂಬ ಒಂದೇ ಮಾತು ಹೊಟ್ಟೆಗೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ. ಮೊದಲ ಸಲ ನನ್ನ ಪತಿ ಅದನ್ನು ಹೊಟ್ಟೆನೋವೆಂದು ಅನುವಾದಿಸಿದ್ದರಿಂದ, ನಾನು ಆ ದಿನ ಆಮ್ಲಪಿತ್ತದ ಔಷಧವನ್ನಷ್ಟೇ ಪಡೆದು ಮನೆಗೆ ಬಂದೆ. ಆದ್ದರಿಂದ ಹೊಟ್ಟೆಯದನ್ನು ಹೊಟ್ಟೆಯದೆಂದೂ, ರಾತ್ರಿ ಮೂರು ಗಂಟೆಗೆ ಎದೆ ಢವಢವ ಹೊಡೆದುಕೊಂಡು ಎದ್ದು ಕೂರುವುದನ್ನು ಬೇರೆಯಾಗಿಯೂ ಬರೆಯಿರಿ.