ಮಗಳು ರಿಯಾಲಿಟಿ ಶೋಗೆ ಆಯ್ಕೆಯಾಗಿದ್ದಾಳೆ. ‘ಮಗು ದುಡಿಸಿ ತಿಂತಾರೆ’ ಅಂತಿದ್ದಾರೆ ತುಮಕೂರಿನ ನೆಂಟರು. ಏನು ಮಾಡೋದು?

ಆಡಿಕೊಳ್ಳುವವರ ಬಾಯಿ ಮುಚ್ಚಿಸಲು ಹೋಗಬೇಡಿ. ಆದರೆ ದುಡ್ಡು ಯಾರಿಗೆ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. 14 ತುಂಬದ ಮಕ್ಕಳಿಗೆ 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳಿವೆ. ಗಳಿಕೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನ ಎಫ್‌ಡಿಗೆ ಹೋಗಬೇಕು. ಸಂಭಾವನೆ ಅಪ್ಪನ ಖಾತೆಗೆ ಬಂದು ಮನೆ ಖರ್ಚಿನಲ್ಲಿ ಕಲೆತುಹೋದರೆ ಆಮೇಲೆ ಲೆಕ್ಕ ತೋರಿಸಲಾಗದು. ಮೊದಲೇ ಮಗಳ ಖಾತೆ ತೆರೆಯಿರಿ.

ಕೆಲಸ ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ದಾಟಬಾರದು, ಸತತ 27 ದಿನಕ್ಕಿಂತ ಹೆಚ್ಚು ನಡೆಯಬಾರದು. ಅನುಮತಿ ತರಬೇಕಾದವರು ನಿರ್ಮಾಪಕರು, ಅದೂ ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ. ಬೆಂಗಳೂರಲ್ಲಾದರೆ ನೀವು ತುಮಕೂರಿನ ಡಿಸಿ ಆಫೀಸಿಗೆ ಅಲೆಯಬೇಕಿಲ್ಲ. ನಿರ್ಮಾಪಕರು ಜಿಲ್ಲಾಧಿಕಾರಿಗೆ ಬರೆದುಕೊಡುವ ನಮೂನೆ ‘ಸಿ’ ಮುಚ್ಚಳಿಕೆಯ ಜೆರಾಕ್ಸ್ ಮಾತ್ರ ಕೇಳಿ ಪಡೆಯಿರಿ.

ನನಗೆ ಹೆಚ್ಚು ಕಳವಳ ಪ್ರಯಾಣದ್ದು. ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರಲು ಸುಮಾರು 140 ಕಿ.ಮೀ.; ರಾತ್ರಿ ಹನ್ನೊಂದಕ್ಕೆ ಕ್ಯಾತ್ಸಂದ್ರ ಟೋಲ್ ದಾಟಿ ಬಂದ ಮಗು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತದೆ. ಮರುದಿನ ರಜೆ ಇರುವಂತೆ ದಿನಾಂಕ ಕೇಳಿ. ಮಗುವಿನ ಒಪ್ಪಿಗೆಯೂ ನಿಯಮದಲ್ಲಿದೆ: ಅವಳು ಬೇಡ ಅಂದ ದಿನ ನಿಲ್ಲಿಸಿ.