ಹಿಂದೆ ಅಮೆರಿಕದ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲಿ ಹೊಲಿಗೆ ಬಟ್ಟೆ ಕೊಳ್ಳುವುದು ಹೇಗಿತ್ತು? ಅದು ನಿಂತದ್ದೇಕೆ?

1950, 60ರ ದಶಕಗಳಲ್ಲಿ ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ಬಟ್ಟೆಗೇ ಒಂದು ವಿಭಾಗ ಇರುತ್ತಿತ್ತು. ಕೊಳ್ಳುವವರು ಮೊದಲು ಕೂರುತ್ತಿದ್ದದ್ದು ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ಮಾದರಿ) ಪುಸ್ತಕಗಳ ಮುಂದೆ. ಬಟರಿಕ್, ಮೆಕಾಲ್ಸ್, ಸಿಂಪ್ಲಿಸಿಟಿ, ವೋಗ್ ಎಂಬ ಪ್ಯಾಟರ್ನ್ ಬ್ರ್ಯಾಂಡ್‌ಗಳದು, ಎಲ್ಲವೂ ದಪ್ಪ ದಪ್ಪ ಪುಸ್ತಕಗಳು. ಮೆಚ್ಚಿದ ವಿನ್ಯಾಸದ ನಂಬರ್ ಹೇಳಿದರೆ ಡ್ರಾಯರಿನಿಂದ ಕಾಗದದ ಪ್ಯಾಟರ್ನ್ ಬರುತ್ತಿತ್ತು. ಎಷ್ಟು ಗಜ ಬಟ್ಟೆ ಬೇಕು ಅಂತ ಅದರ ಲಕೋಟೆಯ ಹಿಂದೆಯೇ ಇರುತ್ತಿತ್ತು. ಪನ್ನ (ಬಟ್ಟೆಯ ಅಗಲ) 36 ಇಂಚಾದರೆ ಬಟ್ಟೆ ಜಾಸ್ತಿ ಬೇಕು, 54 ಇಂಚಿನ ಉಣ್ಣೆಯಾದರೆ ಕಡಿಮೆ ಸಾಕು.

ಆಮೇಲೆ ಕೌಂಟರ್. ಥಾನನ್ನು ಧಪಧಪ ಉರುಳಿಸಿ, ಮೇಜಿನ ಅಂಚಿನ ಅಳತೆಪಟ್ಟಿಗೆ ಹಿಡಿದು ಕತ್ತರಿಸುತ್ತಿದ್ದರು. ಹೊಲಿಗೆ ಬಲ್ಲ ಸೇಲ್ಸ್‌ನವರು ಸಿಕ್ಕರೆ ಅದೃಷ್ಟ. 'ಇದು ನೆರಿಗೆಗೆ ಕೂರಲ್ಲ' ಅಂತ ಮುಖಕ್ಕೇ ಹೇಳಿಬಿಡೋರು! ಉಳಿದ ತುಂಡುಗಳು ಕಟ್‌ಪೀಸ್ ರಾಶಿಗೆ, ಅಗ್ಗದ ದರಕ್ಕೆ.

ನಿಂತದ್ದೇಕೆ? ರೆಡಿಮೇಡ್ ಅಗ್ಗವಾಯಿತು, ಹೊರಗೆ ದುಡಿಯುವ ಹೆಂಗಸರು ಹೆಚ್ಚಾದರು, ಮನೆಯಲ್ಲಿ ಹೊಲಿಯೋದು ಕಡಿಮೆಯಾಯಿತು. ಆದರೆ ನನ್ನ ಪ್ರಕಾರ ಅಸಲಿ ಕಾರಣ ಅಂಗಡಿಯ ಲೆಕ್ಕಾಚಾರ. ಥಾನುಗಳಿಗೆ ಜಾಗ ಜಾಸ್ತಿ ಬೇಕು, ಪ್ರತಿ ಗಿರಾಕಿಗೂ ಒಬ್ಬರು ನಿಂತು ಕತ್ತರಿಸಬೇಕು. ಅದೇ ಜಾಗದಲ್ಲಿ ರೆಡಿಮೇಡ್ ತೂಗುಹಾಕಿದರೆ ಲಾಭ ಹೆಚ್ಚು, ಅಲ್ವಾ? ಉಳಿದ ಗಿರಾಕಿಗಳು ಬಟ್ಟೆಯನ್ನಷ್ಟೇ ಮಾರುವ ಅಂಗಡಿಗಳತ್ತ ಹೋದರು.