‘ಎಷ್ಟು ಹೊತ್ತು ಬ್ಯಾಕಪ್ ಬರುತ್ತದೆ ಸರ್?’

ಮನೆಯಲ್ಲಿ ಸರ್ವರ್ ಕಟ್ಟುವವರು ಕಳಿಸುವ ಪ್ರಶ್ನೆಗಳಲ್ಲಿ ಹೊಸದು ಕಡಿಮೆ. ಈ ಸಲ ಬಂದವುಗಳಲ್ಲಿ ಅರ್ಧಕ್ಕೂ ಹೆಚ್ಚು ಯುಪಿಎಸ್ ಬಗ್ಗೆ. ಅದರಲ್ಲೂ ಒಂದೇ ಪ್ರಶ್ನೆ, ಮಾತು ಮಾತ್ರ ಬೇರೆ ಬೇರೆ. ಹಾಗಾಗಿ ಜಾಗವೆಲ್ಲ ಅದಕ್ಕೇ ಹೋಗುತ್ತದೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ. ರ‍್ಯಾಕ್ ಎಂದರೇನು, ವರ್ಚುವಲ್ ಮಷೀನ್ ಎಂದರೇನು ಎಂದು ವಿವರಿಸಲು ನಾನು ಕೂರುವುದಿಲ್ಲ. ಇಷ್ಟು ದೂರ ಬಂದವರಿಗೆ ಅದು ಗೊತ್ತಿರುತ್ತದೆ.

ಪ್ರಶ್ನೆ: ನನ್ನ ರ‍್ಯಾಕ್‌ನಲ್ಲಿ ಒಂದು ಮಿನಿ ಪಿಸಿ, ನಾಲ್ಕು ಡಿಸ್ಕಿನ ನ್ಯಾಸ್ (ಮನೆಯವರೆಲ್ಲ ನೆಟ್‌ವರ್ಕ್ ಮೂಲಕ ಫೈಲ್ ಇಡುವ ಪೆಟ್ಟಿಗೆ), ಒಂದು ನೆಟ್‌ವರ್ಕ್ ಸ್ವಿಚ್, ಒಂದು ರೂಟರ್ ಇವೆ. ಎಲ್ಲ ಸೇರಿ 110 ವಾಟ್. ಯುಪಿಎಸ್ 1000 ವಿಎ (ವೋಲ್ಟ್-ಆಂಪಿಯರ್), ಒಳಗೆ 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎರಡು. ಲೆಕ್ಕದ ಪ್ರಕಾರ ಒಂದೂವರೆ ಗಂಟೆ ಬರಬೇಕು. ಮೊನ್ನೆ ಕರೆಂಟ್ ಹೋದಾಗ 22 ನಿಮಿಷಕ್ಕೇ ಎಲ್ಲ ಆಫ್ ಆಯಿತು. ಬ್ಯಾಟರಿಗೆ ಮೂರು ವರ್ಷ. ಹೊರಗಿನಿಂದ ಕಾರ್ ಬ್ಯಾಟರಿ ಜೋಡಿಸಿದರೆ ನಾಲ್ಕು ಗಂಟೆ ಬರುತ್ತದೆ ಅಂತ ಸ್ನೇಹಿತರೊಬ್ಬರು ಹೇಳುತ್ತಾರೆ. ಜೋಡಿಸಲಾ?

ಉತ್ತರ: ಬೇಡ. ಯಾಕೆ ಎಂದು ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ಲೆಕ್ಕ ನೋಡೋಣ.

ಎರಡು ಬ್ಯಾಟರಿಗೆ 168 ವಾಟ್-ಅವರ್ ಎಂದು ತೆಗೆದು ಅದನ್ನು 110ರಿಂದ ಭಾಗಿಸಿದ್ದೀರಿ. ಭಾಗಾಕಾರ ಸರಿಯಿದೆ. ಆದರೆ ಬ್ಯಾಟರಿಯ ಮೇಲೆ ಬರೆದಿರುವ 7 ಎಎಚ್ ಎನ್ನುವುದು ಅದರಿಂದ ಬರೀ 0.35 ಆಂಪಿಯರ್‌ನಂತೆ 20 ಗಂಟೆ ನಿಧಾನವಾಗಿ ಎಳೆದರೆ ಸಿಗುವ ಅಂಕಿ. ನೀವು ಎಳೆಯುತ್ತಿರುವುದು, ಇನ್ವರ್ಟರ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ, ಹತ್ತಿರ ಹತ್ತಿರ ಆರು ಆಂಪಿಯರ್. ಸೀಸದ ಬ್ಯಾಟರಿಯನ್ನು ಹಾಗೆ ಜೋರಾಗಿ ಹಿಂಡಿದರೆ ಅದು ಕೊಡುವುದು ನಾಲ್ಕು ಚಿಲ್ಲರೆ ಎಎಚ್ ಅಷ್ಟೇ. ಹೊಸ ಬ್ಯಾಟರಿಯಲ್ಲೇ ಮುಕ್ಕಾಲು ಗಂಟೆ ಬಂದರೆ ದೊಡ್ಡದು. ನಿಮ್ಮದು ಮೂರು ವರ್ಷದ್ದು. ಈ ಜಾತಿಯ ಬ್ಯಾಟರಿಯ ಆಯಸ್ಸೇ ಮೂರರಿಂದ ಐದು ವರ್ಷ, ಅದೂ 25 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ. ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೀವು ಕಳಿಸಿದ ಫೋಟೋದಲ್ಲಿ ಯುಪಿಎಸ್ ಮುಚ್ಚಿದ ಕಪಾಟಿನೊಳಗೆ, ನ್ಯಾಸ್‌ನ ತಲೆಯ ಮೇಲೆ ಕೂತಿದೆ! ಕೆಳಗಿಳಿಸಿ. ಬಿಸಿ ಮೇಲಕ್ಕೇರುತ್ತದೆ, ಭಾರ ಕೆಳಗಿರಬೇಕು. 22 ನಿಮಿಷ ಬಂದದ್ದೇ ಪುಣ್ಯ.

ಅಂದಹಾಗೆ, 1000 ವಿಎ ಅಂದರೆ 1000 ವಾಟ್ ಅಲ್ಲ. ಆ ಗಾತ್ರದ ಎಷ್ಟೋ ಯುಪಿಎಸ್‌ಗಳ ಮಿತಿ 600 ವಾಟ್. ಆ ಅಂಕಿಗೂ ಎಷ್ಟು ಹೊತ್ತು ಬರುತ್ತದೆ ಎನ್ನುವುದಕ್ಕೂ ನೇರ ಸಂಬಂಧವೂ ಇಲ್ಲ. ಎಷ್ಟು ಭಾರ ಎತ್ತಬಲ್ಲದು ಎನ್ನುವುದು ಒಂದು, ಎಷ್ಟು ದೂರ ಹೊರಬಲ್ಲದು ಎನ್ನುವುದು ಇನ್ನೊಂದು.

ಈಗ ಕಾರ್ ಬ್ಯಾಟರಿ. ಈ ಸಲಹೆ ಕೊಡುವವರು ಎಲ್ಲೆಲ್ಲೂ ಇದ್ದಾರೆ, ಎಲ್ಲರೂ ‘ನಾನು ಮಾಡಿದ್ದೇನೆ, ಏನೂ ಆಗಿಲ್ಲ’ ಅನ್ನುತ್ತಾರೆ. ಕಾರ್ ಬ್ಯಾಟರಿ ಇರುವುದು ಎಂಜಿನ್‌ಗೆ ಕೆಲವು ಸೆಕೆಂಡು ಜೋರಾಗಿ ಕರೆಂಟ್ ಕೊಡುವುದಕ್ಕೆ. ಅದನ್ನು ಪದೇ ಪದೇ ತಳದವರೆಗೆ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ನೀರು ತುಂಬುವ ಮಾದರಿಯಾದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು 4 ಶೇಕಡಾ ಸೇರಿದರೆ ಒಂದು ಕಿಡಿ ಸಾಕು, ಮತ್ತು ನಿಮ್ಮ ಕಪಾಟು ಮುಚ್ಚಿದೆ. ಇನ್ನು ಯುಪಿಎಸ್‌ನ ಒಳಗಿನ ಚಾರ್ಜರ್ ಪುಟ್ಟದು. 7 ಎಎಚ್‌ಗೇ ಗಂಟೆಗಟ್ಟಲೆ ತೆಗೆದುಕೊಳ್ಳುವ ಅದು ಅಷ್ಟು ದೊಡ್ಡ ಬ್ಯಾಟರಿಯನ್ನು ತುಂಬಿಸಲು ದಿನಗಟ್ಟಲೆ ಒದ್ದಾಡುತ್ತದೆ. ಕೊನೆಯದು, ಇದನ್ನು ಯಾರೂ ಹೇಳುವುದಿಲ್ಲ: ಚಿಕ್ಕ ಯುಪಿಎಸ್‌ನ ಇನ್ವರ್ಟರ್ ನಿಮಿಷಗಳ ಲೆಕ್ಕದಲ್ಲಿ ಓಡಲು ಮಾಡಿದ್ದು, ಅದಕ್ಕೆ ತಕ್ಕಷ್ಟೇ ಲೋಹ, ಅದಕ್ಕೆ ತಕ್ಕಷ್ಟೇ ಫ್ಯಾನ್, ಕೆಲವದರಲ್ಲಿ ಫ್ಯಾನೇ ಇಲ್ಲ. ಒಳಗಿನ ಬ್ಯಾಟರಿ ಬೇಗ ಖಾಲಿಯಾಗುವುದರಿಂದಲೇ ಅದು ಕಾದು ಸುಡದೆ ಉಳಿದಿದೆ. ನಾಲ್ಕು ಗಂಟೆ ಓಡಿಸಿ ನೋಡಿ, ಬ್ಯಾಟರಿಗಿಂತ ಮೊದಲು ಡಬ್ಬವೇ ಕೈಕೊಡುತ್ತದೆ. ಜಾಸ್ತಿ ಹೊತ್ತು ಬೇಕೇ ಬೇಕು ಎಂದರೆ ಹೊರಗಿನ ಬ್ಯಾಟರಿ ಪ್ಯಾಕ್ ಜೋಡಿಸಲೆಂದೇ ಮಾಡಿದ ಯುಪಿಎಸ್‌ಗಳಿವೆ, ಅವನ್ನು ಕೊಳ್ಳಿ. ದುಬಾರಿ, ಗೊತ್ತು.

ಆದರೆ ನಾಲ್ಕು ಗಂಟೆ ಯಾಕೆ ಬೇಕು? ಇದಕ್ಕೆ ಇದುವರೆಗೆ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಇಂಟರ್ನೆಟ್ ಬೇಕು ಎಂದಾದರೆ ರೂಟರ್ ಒಂದಕ್ಕೇ ಪುಟ್ಟ ಯುಪಿಎಸ್ ಹಾಕಿ, ಹತ್ತಿಪ್ಪತ್ತು ವಾಟಿನ ಸಾಮಾನು, ಬೇಕಾದಷ್ಟು ಹೊತ್ತು ಬರುತ್ತದೆ. ಡಿಸ್ಕ್‌ಗಳು ತಿರುಗುವ ಸರ್ವರ್ ಕತ್ತಲಲ್ಲಿ ಯಾರಿಗಾಗಿ ಓಡಬೇಕು? ನೀವು ಕೇಳಬೇಕಾದ ಪ್ರಶ್ನೆ ಬೇರೆ. ನನ್ನ ಸರ್ವರ್ ಶಟ್‌ಡೌನ್ ಆಗಲು ಎಷ್ಟು ನಿಮಿಷ ಬೇಕು? ಗಡಿಯಾರ ಹಿಡಿದು ಕೂತು ಅಳೆಯಿರಿ. ಎಲ್ಲ ವರ್ಚುವಲ್ ಮಷೀನ್‌ಗಳು ಓಡುತ್ತಿರುವಾಗ ಅಳೆಯಿರಿ, ಖಾಲಿ ಇರುವಾಗಲ್ಲ. ನನ್ನದಕ್ಕೆ ನಾಲ್ಕು ನಿಮಿಷ ಬೇಕು, ಒಂದು ಹಳೆಯ ಡೇಟಾಬೇಸ್ ಬಾಗಿಲು ಹಾಕಿಕೊಳ್ಳಲು ಹಟ ಮಾಡುತ್ತದೆ. ನಿಮ್ಮ 22 ನಿಮಿಷದಲ್ಲಿ ಅಂಥ ಶಟ್‌ಡೌನ್ ಐದು ಸಲ ಆಗುತ್ತಿತ್ತು. ಆಗಲಿಲ್ಲ ಯಾಕೆ? ಯುಪಿಎಸ್‌ನ ಯುಎಸ್‌ಬಿ ವೈರು ಇನ್ನೂ ಪೆಟ್ಟಿಗೆಯಲ್ಲೇ ಇದೆ, ಅಲ್ವಾ?

ಆ ವೈರು ತೆಗೆದು ನ್ಯಾಸ್‌ಗೆ ಚುಚ್ಚಿ. ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಅಂದರೆ ನಟ್, ಬಿಟ್ಟಿ ಸಾಫ್ಟ್‌ವೇರ್. ಎಷ್ಟೋ ನ್ಯಾಸ್‌ಗಳ ಒಳಗೆ ಕೂತಿರುವುದೂ ಅದೇ. ಯುಪಿಎಸ್ ಜೊತೆ ಒಂದು ಯಂತ್ರ ಮಾತಾಡುತ್ತದೆ, ಕರೆಂಟ್ ಹೋದಾಗ ಉಳಿದವಕ್ಕೆ ನೆಟ್‌ವರ್ಕ್ ಮೂಲಕ ‘ಮಲಗಿಕೊಳ್ಳಿ’ ಎಂದು ಹೇಳುತ್ತದೆ. ಇಲ್ಲಿ ಎಡವುವವರು ಬಹಳ ಮಂದಿ: ಸರ್ವರ್‌ಗಳನ್ನೆಲ್ಲ ಯುಪಿಎಸ್‌ಗೆ ಹಾಕಿ ನೆಟ್‌ವರ್ಕ್ ಸ್ವಿಚ್ ಮಾತ್ರ ಗೋಡೆಯ ಸಾಕೆಟ್‌ಗೆ ಬಿಟ್ಟಿರುತ್ತಾರೆ. ಕರೆಂಟ್ ಹೋದ ಕ್ಷಣ ಸ್ವಿಚ್ ಸತ್ತಿತು, ಸುದ್ದಿ ಯಾರಿಗೂ ಮುಟ್ಟಲಿಲ್ಲ.

‘ಬ್ಯಾಟರಿ 20 ಶೇಕಡಾಕ್ಕೆ ಇಳಿದಾಗ ಶಟ್‌ಡೌನ್’ ಎಂದು ಇಡಬೇಡಿ. ಹಳೆಯ ಬ್ಯಾಟರಿ ಸುಳ್ಳು ಹೇಳುತ್ತದೆ, 60 ತೋರಿಸುತ್ತಲೇ ಇದ್ದು ಒಮ್ಮೆಲೇ ಸೊನ್ನೆಗೆ ಬೀಳುತ್ತದೆ. ನಾನು ಹೊತ್ತಿನ ಲೆಕ್ಕ ಇಡುತ್ತೇನೆ: ಕರೆಂಟ್ ಹೋಗಿ ಮೂರು ನಿಮಿಷವಾದರೂ ಬರದಿದ್ದರೆ ಶುರು ಮಾಡು, ಅಷ್ಟೇ. ಪುಕ್ಕಲು ಅಂದರೆ ಅನ್ನಿ. ಕರೆಂಟ್ ಬಂದು ಹೋಗಿ ಆಟ ಆಡುವ ದಿನಗಳಲ್ಲಿ ಎರಡನೇ ಸಲಕ್ಕೆ ಬ್ಯಾಟರಿ ತುಂಬಿರುವುದಿಲ್ಲ. ಆಗ ಈ ಪುಕ್ಕಲುತನವೇ ಕಾಪಾಡುತ್ತದೆ.

ಇನ್ನೊಂದು ಗುಂಡಿ ಇದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ಒಂದು ವಾರ ಮನೆಯಲ್ಲಿರಲಿಲ್ಲ. ಮೊದಲ ರಾತ್ರಿಯೇ ಕರೆಂಟ್ ಹೋಯಿತು, ಸರ್ವರ್ ನಾನು ಹೇಳಿಕೊಟ್ಟಂತೆ ಚೆನ್ನಾಗಿ ಶಟ್‌ಡೌನ್ ಆಯಿತು. ಅದಾಗಿ ಒಂದು ನಿಮಿಷಕ್ಕೆ ಕರೆಂಟ್ ಬಂತು. ಯುಪಿಎಸ್ ಅಷ್ಟು ಹೊತ್ತೂ ಕರೆಂಟ್ ಕೊಡುತ್ತಲೇ ಇತ್ತು, ಹಾಗಾಗಿ ಸರ್ವರ್‌ನ ಪಾಲಿಗೆ ಕರೆಂಟ್ ಹೋಗಲೂ ಇಲ್ಲ, ಬರಲೂ ಇಲ್ಲ. ಕರೆಂಟ್ ಬಂದಾಗ ತಾನೇ ಎದ್ದೇಳು ಎಂದು ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಬರೆದಿದ್ದೆ, ಅದು ಏಳಲಿಲ್ಲ, ವಾರವಿಡೀ ಗೊರಕೆ. ತಪ್ಪು ಪೂರ್ತಿ ನನ್ನದೇ. ಶಟ್‌ಡೌನ್‌ನ ಕೊನೆಯ ಹಂತದಲ್ಲಿ ಯುಪಿಎಸ್‌ಗೇ ‘ಸ್ವಲ್ಪ ಹೊತ್ತಿಗೆ ನೀನೂ ಔಟ್‌ಪುಟ್ ಕಡಿದುಹಾಕು, ಕರೆಂಟ್ ಇದ್ದರೆ ಮತ್ತೆ ಕೊಡು’ ಎಂದು ಅಪ್ಪಣೆ ಕೊಡಬೇಕು. ನಟ್‌ನಲ್ಲಿ ಇದಕ್ಕೆ ಕಿಲ್‌ಪವರ್ ಎನ್ನುತ್ತಾರೆ. ಬಯೋಸ್‌ನಲ್ಲಿ ‘ಲಾಸ್ಟ್ ಸ್ಟೇಟ್’ ಆರಿಸಿದವರೂ ಕೇಳಿಸಿಕೊಳ್ಳಿ. ಶಟ್‌ಡೌನ್ ಆದ ಯಂತ್ರದ ಕೊನೆಯ ಸ್ಥಿತಿ ಆಫ್. ಅದು ಆಫ್ ಆಗಿಯೇ ಉಳಿಯುತ್ತದೆ. ‘ಪವರ್ ಆನ್’ ಎನ್ನುವುದನ್ನೇ ಆರಿಸಿ.

ಹೊಸ ಯುಪಿಎಸ್ ಕೊಳ್ಳುವುದಾದರೆ ಪ್ಯೂರ್ ಸೈನ್ ವೇವ್, ಅಂದರೆ ನಯವಾದ ಅಲೆಯ ಕರೆಂಟ್, ಇರುವುದು ತೆಗೆದುಕೊಳ್ಳಿ. ಇವತ್ತಿನ ಒಳ್ಳೆಯ ಪವರ್ ಸಪ್ಲೈಗಳಲ್ಲಿ ಆಕ್ಟಿವ್ ಪಿಎಫ್‌ಸಿ, ಅಂದರೆ ಎಳೆಯುವ ಕರೆಂಟನ್ನು ಆ ಅಲೆಗೆ ಹೊಂದಿಸುವ ಸರ್ಕ್ಯೂಟ್, ಇರುತ್ತದೆ. ಅಗ್ಗದ ಯುಪಿಎಸ್‌ನ ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ಕಂಡರೆ ಅವುಗಳಲ್ಲಿ ಕೆಲವು ಬ್ಯಾಟರಿಗೆ ಬದಲಾದ ಕ್ಷಣದಲ್ಲೇ ಆಫ್ ಆಗುತ್ತವೆ. ಆಗ ಯುಪಿಎಸ್ ಇದ್ದೂ ಇಲ್ಲದ ಹಾಗೆ.

ಎಲ್ಲ ಮಾಡಿದ ಮೇಲೆ ಪರೀಕ್ಷೆ ಮಾಡಿ. ಪ್ಲಗ್ ಕಿತ್ತು ಅಲ್ಲ! ಪ್ಲಗ್ ಕಿತ್ತರೆ ಅರ್ಥಿಂಗ್ ಕೂಡ ಕಿತ್ತಂತೆ. ಪ್ಲಗ್ ಹಾಗೇ ಇರಲಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪಕ್ಕದಲ್ಲಿ ನಿಂತು ಕೊನೆಯವರೆಗೆ ನೋಡಿ. ಆರು ತಿಂಗಳಿಗೊಮ್ಮೆಯಾದರೂ ಮಾಡಿ. ಬ್ಯಾಟರಿ ಉಬ್ಬಿದ್ದು ಕಂಡರೆ ಆ ದಿನವೇ ಬದಲಿಸಿ. ಸುಮ್ನೆ ಬಿಟ್ಟರೆ ಇನ್ನಷ್ಟು ಉಬ್ಬಿ ಡಬ್ಬದೊಳಗೆ ಸಿಕ್ಕಿಕೊಳ್ಳುತ್ತದೆ. ನಾನೊಮ್ಮೆ ಹಾಗೆ ಬಿಟ್ಟು, ಆಮೇಲೆ ತಗಡು ಕತ್ತರಿಸಿ ಹೊರತೆಗೆಯಬೇಕಾಯಿತು, ಅರ್ಧ ದಿನ ಹೋಯಿತು. ಹೊಸದು ಹಾಕುವಾಗ ಎರಡನ್ನೂ ಒಟ್ಟಿಗೇ ಬದಲಿಸಿ, ಒಂದು ಹಳತು ಒಂದು ಹೊಸತು ಬೇಡ.

ಪ್ರಶ್ನೆ: ರೇಡ್ 6 (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ) ಇದೆ. ಆದರೂ ಬೇರೆ ಕಡೆ ಫೈಲುಗಳ ಬ್ಯಾಕಪ್ ಬೇಕಾ?

ಉತ್ತರ: ಬೇಕು. ನೀವು ಕೈತಪ್ಪಿ ಅಳಿಸಿದ ಫೋಲ್ಡರನ್ನು ರೇಡ್ ಎಲ್ಲ ಡಿಸ್ಕ್‌ಗಳಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

ಪ್ರಶ್ನೆ: ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗೆ ಡಿಸ್ಕಿನ ಪ್ರತಿ ಟಿಬಿಗೂ 1 ಜಿಬಿ ರ‍್ಯಾಮ್ ಕಡ್ಡಾಯವೇ?

ಉತ್ತರ: ಅಲ್ಲ. ಡಿಡ್ಯೂಪ್ (ಒಂದೇ ಥರದ ಡೇಟಾವನ್ನು ಒಂದೇ ಸಲ ಇಡುವುದು) ಆನ್ ಮಾಡಿದರೆ ಮಾತ್ರ ರ‍್ಯಾಮ್ ಸಾಲುವುದಿಲ್ಲ. ಆನ್ ಮಾಡಬೇಡಿ.

ಪ್ರಶ್ನೆ: ನ್ಯಾಸ್‌ನಲ್ಲಿ ಒಂದು ಡಿಸ್ಕ್ ಹೋಯಿತು, ಹೊಸದು ಹಾಕಿದೆ. ಮೂರು ದಿನವಾದರೂ ರೀಬಿಲ್ಡ್ (ಉಳಿದ ಡಿಸ್ಕ್‌ಗಳಿಂದ ಹೊಸದಕ್ಕೆ ಡೇಟಾ ತುಂಬುವುದು) ಮುಗಿದಿಲ್ಲ. ಡಿಸ್ಕ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಿಕ್ಕಿಲ್ಲ, ಎಸ್‌ಎಂಆರ್ ಇರಬಹುದು. ಅದರಲ್ಲಿ ಡೇಟಾ ಬರೆಯುವ ಟ್ರ್ಯಾಕ್‌ಗಳು ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ಬದಲಿಸಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ರೀಬಿಲ್ಡ್‌ನಂಥ ಎಡೆಬಿಡದ ಬರವಣಿಗೆಗೆ ಅದು ಉಸಿರುಗಟ್ಟುತ್ತದೆ. ಹೆಸರು ನೋಡಿ ಕೊಂಡರೆ ಸಾಲದು. ವೆಸ್ಟರ್ನ್ ಡಿಜಿಟಲ್ ನ್ಯಾಸ್‌ಗೆಂದೇ ಮಾರುತ್ತಿದ್ದ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲೂ ಎಸ್‌ಎಂಆರ್ ಇದೆ ಎಂದು 2020ರಲ್ಲಿ ಒಪ್ಪಿಕೊಂಡಿತು, ಆಮೇಲೆ ಸಿಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಕೂರದ ಜಾತಿ) ಇರುವುದಕ್ಕೆ ರೆಡ್ ಪ್ಲಸ್ ಎಂದು ಹೆಸರಿಟ್ಟಿತು. ಮಾಡೆಲ್ ನಂಬರ್ ಹಿಡಿದು ಕಂಪನಿಯ ಪಟ್ಟಿಯಲ್ಲಿ ಹುಡುಕಿ ಆಮೇಲೆ ದುಡ್ಡು ಕೊಡಿ.

ಪ್ರಶ್ನೆ: ಮನೆಗೆಲ್ಲ ಕ್ಯಾಟ್ 8 ನೆಟ್‌ವರ್ಕ್ ಕೇಬಲ್ ಎಳೆಸಿದರೆ ಮುಂದಕ್ಕೂ ಆಯಿತಲ್ಲ?

ಉತ್ತರ: ಕ್ಯಾಟ್ 8 ಇರುವುದು ಡೇಟಾ ಸೆಂಟರ್‌ನಲ್ಲಿ 30 ಮೀಟರ್ ಒಳಗಿನ ಓಟಕ್ಕೆ. ಕ್ಯಾಟ್ 6ಎ ಎಳೆಸಿ, 100 ಮೀಟರ್‌ವರೆಗೆ 10 ಗಿಗಾಬಿಟ್ ಹೋಗುತ್ತದೆ. ನಿಮ್ಮನ್ನು ಹೆದರಿಸಬೇಕಾದದ್ದು ಕೇಬಲ್‌ನ ಜಾತಿಯಲ್ಲ, ಒಳಗಿನ ಲೋಹ. ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದ ಸಿಸಿಎ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಹೊರಗೆ ಕ್ಯಾಟ್ 6 ಎಂದೇ ಬರೆದಿರುತ್ತದೆ. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಹೋಗುವ ಕರೆಂಟ್) ಹಾಯಿಸಿದರೆ ಅದು ಹೆಚ್ಚು ಬಿಸಿಯಾಗುತ್ತದೆ, ಬಾಗಿಸಿದರೆ ಬೇಗ ಮುರಿಯುತ್ತದೆ. ತುದಿಯನ್ನು ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಸುರುಳಿಯನ್ನು ಹಿಂದಿರುಗಿಸಿ. ಮಾರಿದವರು ‘ಎಲ್ಲರೂ ಇದೇ ಹಾಕಿಸುವುದು’ ಎನ್ನುತ್ತಾರೆ. ಅನ್ನಲಿ.

ಪ್ರಶ್ನೆ: ಕಂಪನಿಯೊಂದು ತೆಗೆದುಹಾಕಿದ 1ಯು ಸರ್ವರ್ ಸಿಕ್ಕಿತು. ಮಲಗುವ ಕೋಣೆಯಲ್ಲಿಟ್ಟಿದ್ದೇನೆ, ಸದ್ದು ತಡೆಯಲಾಗುತ್ತಿಲ್ಲ. ಸದ್ದಿಲ್ಲದ ಫ್ಯಾನ್ ಹಾಕಬಹುದಾ?

ಉತ್ತರ: 1ಯು ಅಂದರೆ 44.45 ಮಿಲಿಮೀಟರ್ ಎತ್ತರ. ಅದರೊಳಗೆ ಹಿಡಿಸುವುದು 40 ಮಿಲಿಮೀಟರ್ ಫ್ಯಾನ್. ಅಷ್ಟು ಪುಟ್ಟ ಫ್ಯಾನ್ ಗಾಳಿ ನುಗ್ಗಿಸಬೇಕಾದರೆ ನಿಮಿಷಕ್ಕೆ 10,000 ಸುತ್ತಿಗೂ ಮೇಲೆ ತಿರುಗಬೇಕು, ಕಿರುಚಲೇಬೇಕು. ಒಳಗಿನ ಪ್ರೊಸೆಸರ್‌ನ ಮೇಲೆ ಬೇರೆ ಫ್ಯಾನ್ ಇಲ್ಲ, ಆ ಗಾಳಿಯನ್ನೇ ನಂಬಿ ಕೂತಿದೆ. ಮೆತ್ತಗಿನ ಫ್ಯಾನ್ ಹಾಕಿದರೆ ಒಂದೋ ಅದು ಬೇಯುತ್ತದೆ, ಇಲ್ಲವೇ ಬೋರ್ಡ್ ಗಾಬರಿಯಾಗಿ ಉಳಿದ ಫ್ಯಾನ್‌ಗಳನ್ನೆಲ್ಲ ಪೂರ್ತಿ ವೇಗಕ್ಕೆ ಏರಿಸುತ್ತದೆ. ಬೇರೆ ಕೋಣೆ ಇದ್ದರೆ ಅಲ್ಲಿಡಿ. ಇಲ್ಲದಿದ್ದರೆ ಮಾರಿಬಿಡಿ.